ಸಾಣೆಕಲ್ಲಿನ ಮೇಲಿನ ಕಾಫಿ ಬೀಜ

“ನನ್ನ ಮಗನಿಗೆ ಒಳಗೆ ಕಾಫಿ ಕೊಡ್ತಿದ್ದಾರೆ ಮಾರಾಯ್ತಿ!”

ಚಿಕ್ಕಮಗಳೂರಿನ ಆಸ್ಪತ್ರೆಯ ಮೆಟ್ಟಿಲಿಳಿದು ಬಂದ ಭಾವ ನನ್ನನ್ನು ಕಂಡೊಡನೆ ಹೇಳಿದ ಮಾತು ಇದು. ಮುಖದಲ್ಲಿ ನಗುವಿತ್ತು, ಕಣ್ಣು ತುಂಬಿತ್ತು. ಅಕ್ಕನಿಗೆ ದಿನ ತುಂಬಲು ಎರಡು ತಿಂಗಳಿಗೂ ಹೆಚ್ಚು ಬಾಕಿಯಿರುವಾಗಲೇ ಹೆರಿಗೆಯಾಗಿ, ಮಗುವನ್ನು ಮಕ್ಕಳ ಐಸಿಯುವಿನ ಪಾರದರ್ಶಕ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ತಲೆಗೊಂದು ಉಣ್ಣೆಯ ಟೋಪಿ, ಮೂಗಿಗೆ ಆಕ್ಸಿಜನ್ನಿನ ನಳಿಗೆ, ನನ್ನ ಅಂಗೈಯಷ್ಟೂ ಅಗಲವಿಲ್ಲದ ಎದೆ. ಉಸಿರಾಡುತ್ತ ಉಸಿರಾಡುತ್ತ ಮಗು ಇದ್ದಕ್ಕಿದ್ದಂತೆ ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು. ಪಕ್ಕದ ಯಂತ್ರ ಕೂಗಿಕೊಳ್ಳುತ್ತಿತ್ತು. ನರ್ಸ್ ಬಂದು ಅದರ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಯಾರೋ ಹೆಸರು ಹಿಡಿದು ಕರೆದಂತೆ ಬೆಚ್ಚಿ ಮತ್ತೆ ಉಸಿರೆಳೆಯುತ್ತಿತ್ತು. ಆ ಮರೆವಿಗೆ ಕೊಡುತ್ತಿದ್ದ ಔಷಧಿಯ ಹೆಸರನ್ನು ಡಾಕ್ಟರು ಅಂದು ಭಾವನಿಗೆ ಹೇಳಿದ್ದರು.

“ಕಾಫಿ ಅಲ್ಲ ಭಾವ, ಕೆಫೀನ್.”

“ಕಾಫಿ ಒಳಗೆ ಇರೋದೇ ತಾನೆ ಅದು?”

“ಇರೋದೇ. ಆದ್ರೆ ಇದು ಶುದ್ಧ ಮಾಡಿದ್ದು. ಮಗೂ ತೂಕ ನೋಡಿ ಅಳೆದು ಕೊಡೋದು.”

“ಎಲ್ಲದಕ್ಕೂ ನಿನ್ನ ಹತ್ರ ಒಂದು ‘ಆದ್ರೆ’ ಇರುತ್ತಲ್ಲ,” ಎಂದು ಭಾವ ಕಣ್ಣೊರೆಸಿಕೊಂಡರು. “ಒಂದು ದಿನ ಅದನ್ನ ಮನೇಲಿ ಬಿಟ್ಟು ಬಾ.”

ಬಿಟ್ಟು ಬರಲಾಗುವುದಿಲ್ಲ. ಹೈಸ್ಕೂಲಿನಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆಯೇ ಬೆಳೆದವಳು ನಾನು. ಎದುರಾಳಿಯ ಮಾತಿನಲ್ಲಿ ‘ಯಾವಾಗಲೂ’ ಎಂದೋ ‘ನಮ್ಮ ಹಿರಿಯರು’ ಎಂದೋ ಬಂದ ಕೂಡಲೇ ಅಲ್ಲಿಗೇ ಕೈ ಹಾಕಬೇಕೆಂದು ನಮಗೆ ಕಲಿಸಿದ್ದರು. ಜಾವಳಿಯ ನಮ್ಮ ಮನೆಯಲ್ಲಿ ಇಂಥ ಮಾತುಗಳಿಗೆ ಕೊರತೆಯಿರಲಿಲ್ಲ, ಅದರಲ್ಲೂ ಅಜ್ಜಿಯ ಬಾಯಲ್ಲಿ. ಅಪ್ಪನ ತಾಯಿಯಾದ ಅಜ್ಜಿ ನಮ್ಮ ಮನೆಯ ಮತ್ತು ಸುತ್ತಲಿನ ಮನೆಗಳ ಬಾಣಂತನಗಳನ್ನೆಲ್ಲ ಮಾಡಿದವಳು. ಬಜೆ, ಅಳಲೆಕಾಯಿ, ಜಾಯಿಕಾಯಿ, ಅರಿಶಿನದ ಕೊಂಬು ಇವನ್ನು ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಇಷ್ಟಿಷ್ಟೇ ತೇಯ್ದು ಮಗುವಿನ ನಾಲಿಗೆಗೆ ಸವರುವುದು ಅವಳ ಕ್ರಮ. ನಾನೂ ಆ ಕಲ್ಲಿನ ಮದ್ದು ನೆಕ್ಕಿಯೇ ಬೆಳೆದವಳು. “ಅದಕ್ಕೇ ಇಷ್ಟು ಮಾತು,” ಎನ್ನುತ್ತಿದ್ದಳು ಅಜ್ಜಿ. “ಬಜೆ ನಾಲ್ಕು ಸುತ್ತು ಜಾಸ್ತಿ ತೇಯ್ದೆ ಅಂತ ಕಾಣುತ್ತೆ. ಕೈ ತಪ್ಪಿಹೋಯ್ತು.”

ಭಾವ ಸಂಸೆಯವರು. ಕಾಫಿ, ಅಡಿಕೆ ಎರಡೂ ಇರುವ ಸಣ್ಣ ಹಿಡುವಳಿ. ಆ ಆಸ್ಪತ್ರೆಯ ಯಂತ್ರಗಳಲ್ಲೊಂದೂ ಅವರಿಗೆ ಅರ್ಥವಾಗಿರಲಿಲ್ಲ. ಕೇಳಿದ ಹೆಸರುಗಳೆಲ್ಲ ಹೆದರಿಸುವಂಥವೇ. ಅವುಗಳ ನಡುವೆ ಒಂದು ಹೆಸರು ಮಾತ್ರ ಅವರ ತೋಟದಿಂದಲೇ ಎದ್ದು ಬಂದಂತಿತ್ತು. ಅದನ್ನವರು ಬಿಗಿಯಾಗಿ ಹಿಡಿದುಕೊಂಡರು. ಹೊರನಾಡಿಗೆ ಹರಕೆ ಹೇಳಿಕೊಂಡು ಬಂದ ದಿನ ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಕಳಸದ ಗೊಬ್ಬರದಂಗಡಿಯಲ್ಲಿ ಸಿಕ್ಕವರಿಗೂ ಇದೇ ಸುದ್ದಿ. ಸುದ್ದಿ ಅಜ್ಜಿಯ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು?

ಒಂದು ಸಂಜೆ ಬಟ್ಟೆ ಒಯ್ಯಲು ನಾನು ಮನೆಗೆ ಬಂದಾಗ ಅವಳು ಜಗಲಿಯ ಮೇಲೆ ಕಾಯುತ್ತಿದ್ದಳು.

“ಗಿಡಮೂಲಿಕೆಯಿಂದ ಎಂತದೂ ಆಗಲ್ಲ ಅಂತಿದ್ಯಲ್ಲ. ಈಗ ಎಂತ ಹೇಳ್ತೀಯ? ಕಾಫಿ ಗಿಡ ಅಲ್ವಾ?”

“ಗಿಡದ್ದು ಅಂತ ಕೊಡ್ತಿಲ್ಲ ಅಜ್ಜಿ. ಪರೀಕ್ಷೆ ಮಾಡಿ ನೋಡಿದ್ದಾರೆ, ಅದಕ್ಕೆ ಕೊಡ್ತಾರೆ.”

“ಅವ್ರು ಕೊಟ್ರೆ ಮದ್ದು, ನಾವು ಕೊಟ್ರೆ ಸೊಪ್ಪು ಸದೆ. ಹೋಗ್ಲಿ ಬಿಡು. ಮಗು ಹೇಗಿದೆ ಅದನ್ನ ಹೇಳು.”

ಮಗು ಹೇಗಿದೆ ಎಂದು ಹೇಳುವುದು ಕಷ್ಟವಿತ್ತು. ಆಕ್ಸಿಜನ್ನನ್ನು ಆದಷ್ಟು ಇಳಿಸುತ್ತ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಉಸಿರಿಗೆ ಒದ್ದಾಡುವ ಕೂಸಿಗೆ ಕೊಡುವ ಗಾಳಿಯನ್ನೇ ಇಳಿಸುವುದೆಂದರೇನು ಎಂದು ನಾನು ಅವರೊಂದಿಗೆ ಜಗಳಕ್ಕೇ ನಿಂತಿದ್ದೆ. ಡಾಕ್ಟರು ಹೆಂಗಸು, ಅಕ್ಕನಿಗಿಂತ ಸ್ವಲ್ಪ ದೊಡ್ಡವರಿರಬೇಕು. ನಿದ್ದೆಗೆಟ್ಟ ಕಣ್ಣು, ಏರದ ದನಿ.

“ಆಕ್ಸಿಜನ್ ಇಲ್ದೆ ಇವನು ಉಳಿಯಲ್ಲ. ಹೆಚ್ಚಾದ್ರೆ ಅದೇ ಇವನ ಶ್ವಾಸಕೋಶವನ್ನ ಕೆಡಿಸುತ್ತೆ. ಇನ್ನೂ ಬೆಳೀತಾ ಇರೋ ಶ್ವಾಸಕೋಶ ಅದು. ಊತ ಬರುತ್ತೆ, ಒಳಗಿನ ಗಾಳಿಗೂಡುಗಳು ಬೆಳೆಯೋದು ನಿಂತುಹೋಗುತ್ತೆ. ಅದಕ್ಕೇ ಎಷ್ಟು ಬೇಕೋ ಅಷ್ಟೇ. ಕೆಫೀನ್ ಕೊಟ್ರೆ ಉಸಿರಾಡೋದನ್ನ ಮರೆಯೋದು ಕಮ್ಮಿ ಆಗುತ್ತೆ, ಯಂತ್ರದ ಹಂಗು ಬೇಗ ತಪ್ಪುತ್ತೆ. ಶ್ವಾಸಕೋಶಕ್ಕೆ ಬೀಳೋ ಪೆಟ್ಟೂ ಅಷ್ಟು ಕಮ್ಮಿ.”

ಬದುಕಿಸುವುದೇ ಸುಡುತ್ತದೆ ಎಂಬ ಮಾತು ನನಗೆ ಪದ್ಯದ ಸಾಲಿನಂತೆ ಕೇಳಿಸಿತು, ಆದ್ದರಿಂದ ನಂಬಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹುಡುಕಿದೆ. ಡಾಕ್ಟರ ಮಾತು ನಿಜವಿತ್ತು. ಜೊತೆಗೆ ನಾನು ಹುಡುಕದೆ ಇದ್ದದ್ದೂ ಸಿಕ್ಕಿತು. ಆಕ್ಸಿಜನ್ನಿನ ಪೆಟ್ಟಿನಿಂದ ಎಳೆಯ ಶ್ವಾಸಕೋಶವನ್ನು ಕಾಪಾಡಬಲ್ಲ ಅಂಶಗಳನ್ನು ಗಿಡಗಳಲ್ಲಿ ಹುಡುಕುತ್ತಿರುವವರಿದ್ದರು. ಅರಿಶಿನದ ಹಳದಿ, ದ್ರಾಕ್ಷಿಯ ಸಿಪ್ಪೆಯೊಳಗಿನ ಒಂದು ಅಂಶ, ಇನ್ನೂ ಯಾವ್ಯಾವುದೋ ಬೇರು, ಎಲೆ. ಓದುತ್ತ ಹೋದಂತೆ ನನಗೆ ಬೇಕಾದ ಪದ ಸಿಕ್ಕಿತು: ಇಲಿಮರಿ. ಪ್ರಯೋಗ ನಡೆದದ್ದು ಆಗತಾನೆ ಹುಟ್ಟಿದ ಇಲಿಮರಿಗಳ ಮೇಲೆ. ಮುಗಿಯಿತು ಎಂದುಕೊಂಡೆ. ಮರುದಿನ ಡಾಕ್ಟರಿಗೆ ಅದನ್ನು ತೋರಿಸಿ, “ಇಲಿಗೆ ಆದದ್ದನ್ನ ಮನುಷ್ಯರಿಗೆ ಹೇಳ್ತಾರೆ ನೋಡಿ,” ಎಂದು ನಕ್ಕೆ.

ಅವರು ನಗಲಿಲ್ಲ.

“ಇಲಿಮರಿ ಯಾಕೆ ಅಂತ ಗೊತ್ತಾ? ಅದು ಹುಟ್ಟುವಾಗ ಅದರ ಶ್ವಾಸಕೋಶ ಹೆಚ್ಚುಕಮ್ಮಿ ನಿಮ್ಮ ಮಗೂದರ ಹಾಗೇ ಅರ್ಧ ಬೆಳೆದಿರುತ್ತೆ. ಅದಕ್ಕೇ ಅದರ ಮೇಲೆ ನೋಡ್ತಾರೆ.”

“ಹಾಗಾದ್ರೆ ಅರಿಶಿನ ಕೊಡಬಹುದು ಅಂತೀರಾ?”

“ಕೊಡಬಾರದು. ಇಲಿಮರಿಗೆ ಒಳ್ಳೇದಾಗಿದ್ದು ಇವನಿಗೂ ಆಗುತ್ತಾ, ಎಷ್ಟು ಕೊಡ್ಬೇಕು, ಅದರಿಂದ ಇನ್ನೇನಾಗುತ್ತೆ, ಯಾವುದೂ ನನಗೆ ಗೊತ್ತಿಲ್ಲ. ಅದು ಸುಳ್ಳು ಅಂತ ಹೇಳೋಕೂ ಆಗಲ್ಲ, ಮದ್ದು ಅಂತ ಕೊಡೋಕೂ ಆಗಲ್ಲ.”

ಚರ್ಚಾಸ್ಪರ್ಧೆಯಲ್ಲಿ ಪರದವರಿಗೊಂದು ಬದಿ, ವಿರೋಧದವರಿಗೊಂದು ಬದಿ. ನಡುವೆ ಯಾರಿಗೂ ಕುರ್ಚಿ ಹಾಕುವುದಿಲ್ಲ. ಆ ಡಾಕ್ಟರು ಮಾತ್ರ ನಡುವೆಯೇ ಆರಾಮಾಗಿ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು.

ಆಕ್ಸಿಜನ್ ಇಳಿಯತೊಡಗಿತು. ಭಾವ ಅದನ್ನು ತಮ್ಮ ಕಾಫಿ ನರ್ಸರಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡರು. ಪಾತಿಯಲ್ಲಿ ಆಗತಾನೆ ಮೊಳೆತ ಕಾಫಿ ಸಸಿ ಬೀಜದ ಸಿಪ್ಪೆಯನ್ನೇ ಟೋಪಿಯಂತೆ ಹೊತ್ತು ನಿಂತಿರುತ್ತದೆ. ಅದರ ಮೇಲೆ ಚಪ್ಪರವಿರುತ್ತದೆ. ಸಸಿ ಬಲಿತ ಹಾಗೆ ಚಪ್ಪರದ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ತೆಳುಮಾಡುತ್ತ ಬಿಸಿಲಿಗೆ ಹದ ಮಾಡುತ್ತಾರೆ. “ಚಪ್ಪರ ತೆಗಿತಿದ್ದಾರೆ ಅಷ್ಟೆ,” ಎಂದರು ಭಾವ.

“ಉಪಮೆ ಉಲ್ಟಾ ಆಯ್ತು ಭಾವ. ಇಲ್ಲಿ ಆಕ್ಸಿಜನ್ನೇ ಬಿಸಿಲು. ಅವ್ರು ಚಪ್ಪರ ಹಾಕ್ತಿದ್ದಾರೆ, ತೆಗಿತಿಲ್ಲ.”

“ಅವನು ಆಕ್ಸಿಜನ್ನಿನ ನೆರಳಲ್ಲಿ ಇದ್ದ ತಾನೆ?”

“ನೆರಳು ಸುಡುತ್ತಾ?”

ಬೆಂಚಿನ ಇನ್ನೊಂದು ತುದಿಯಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದ ಅಕ್ಕ ಕಣ್ಣು ತೆರೆಯದೆ ಹೇಳಿದಳು. “ನಿಮ್ಮಿಬ್ರ ಚಪ್ಪರಕ್ಕಿಷ್ಟು ಬೆಂಕಿ ಹಾಕ. ಅವನು ಇವತ್ತು ಕೊಟ್ಟ ಹಾಲನ್ನೆಲ್ಲ ಅರಗಿಸ್ಕೊಂಡ. ಅದನ್ನ ಕೇಳಿದ್ರಾ ಇಬ್ರೂ?”

ಕೇಳಿರಲಿಲ್ಲ.

ಅವನು ಮನೆಗೆ ಬಂದದ್ದು ಕಾಫಿ ಕುಯ್ಲು ಮುಗಿದು ಕಣ ಬರಿದಾದ ಮೇಲೆ. ಆಕ್ಸಿಜನ್ ಬಿಟ್ಟಾಗಿತ್ತು, ಕೆಫೀನನ್ನೂ ನಿಲ್ಲಿಸಿಯಾಗಿತ್ತು. ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ, ಎಷ್ಟು ಎಂಬುದು ಬೆಳೆದ ಹಾಗೆ ತಿಳಿಯುತ್ತದೆ ಎಂದಿದ್ದರು ಡಾಕ್ಟರು. ಹೊಗೆ ಬೇಡ, ಜನ ಬೇಡ, ತಾಯಿಯ ಹಾಲು ಮತ್ತು ಬರೆದುಕೊಟ್ಟ ವಿಟಮಿನ್ ಹನಿಯ ಹೊರತು ಬಾಯಿಗೆ ಏನೂ ಬೇಡ.

ಸ್ನಾನವಾದ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಅಜ್ಜಿಯ ಬಾಣಂತನದ ಮುಖ್ಯ ಭಾಗ. ಅದಕ್ಕಾಗಿ ನಾನು ವಾದಗಳನ್ನು ಜೋಡಿಸಿಕೊಂಡೇ ಬಂದಿದ್ದೆ. ಅಜ್ಜಿ ಅವಕಾಶವನ್ನೇ ಕೊಡಲಿಲ್ಲ. “ಹೊಗೆ ಬೇಡ ಅಂದ್ರಾ? ಬೇಡ ಬಿಡು,” ಎಂದು ಧೂಪದ ಮಡಕೆಯನ್ನು ತಾನೇ ಅಟ್ಟಕ್ಕೆ ಎತ್ತಿಸಿದಳು. ನಾನು ಗೆದ್ದೆನೆಂದುಕೊಂಡೆ. ಗೆದ್ದದ್ದು ಇಷ್ಟು ಸುಲಭವಾದಾಗ ಎದುರಾಳಿ ಬೇರೆ ಕಡೆ ತಯಾರಿ ನಡೆಸಿದ್ದಾನೆಂದು ಅರ್ಥ. ಅದೂ ನನಗೆ ಗೊತ್ತಿರಬೇಕಿತ್ತು.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಸಾಣೆಕಲ್ಲು ತೊಳೆದು ಇಟ್ಟಿತ್ತು. ಪಕ್ಕದ ತಟ್ಟೆಯಲ್ಲಿ ಬಜೆ, ಅಳಲೆಕಾಯಿ, ಅರಿಶಿನದ ಕೊಂಬು. ಅವುಗಳ ಸಾಲಿನ ಕೊನೆಯಲ್ಲಿ, ಸಿಪ್ಪೆ ಬಿಡಿಸಿದ, ಹುರಿಯದ ಒಂದು ಕಾಫಿ ಬೀಜ. ನೀಲಿಹಸಿರು ಬಣ್ಣದ, ಒಂದೂ ಕಲೆಯಿಲ್ಲದ ಅರೇಬಿಕಾ. ಅಜ್ಜಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಿಂದಿನ ಸಂಜೆಯೇ ಸಂಸೆಯಿಂದ ಬಂದಿದ್ದ ಭಾವ ಬಾಗಿಲ ಬಳಿ ನಿಂತಿದ್ದರು. ನನ್ನನ್ನು ಕಂಡು ಕಾಫಿ ಲೋಟದೊಳಗೆ ನೋಡತೊಡಗಿದರು.

“ಇದೆಂತದು ಅಜ್ಜಿ?”

“ಕಾಣಲ್ವಾ? ಕಾಫಿ. ನಿನ್ನ ಭಾವನೇ ಆರಿಸಿ ತಂದಿದ್ದು.”

“ಭಾವ!”

“ಅಲ್ಲ ಮಾರಾಯ್ತಿ, ಅಜ್ಜಿ ಕೇಳಿದ್ರು... ಔಷಧಿ ಹೊಡೀದಿರೋ ಗಿಡದ್ದೇ ತಂದಿದ್ದೀನಿ.”

“ಪರವೋ ವಿರೋಧವೋ?” ಅಜ್ಜಿ ನನ್ನತ್ತ ತಿರುಗಿದಳು. “ಶುರು ಮಾಡು. ಗಂಟೆ ಬಾರಿಸೋಕೆ ಯಾರಾದ್ರೂ ಬೇಕಾ?”

ನಾನು ಶುರುಮಾಡಿದೆ. ಒಂದು ಬೀಜದಲ್ಲಿ ಎಷ್ಟು ಕೆಫೀನ್ ಇದೆಯೆಂದು ನೋಡಿ ಹೇಳಲಾಗದು. ಸಾಲದಿದ್ದರೆ ಬರಿ ವ್ಯರ್ಥ, ಹೆಚ್ಚಾದರೆ ಎಳೆಯ ಹೃದಯ ಓಡತೊಡಗುತ್ತದೆ. ತೇಯ್ದ ಗಂಧ ಗಂಟಲಿಗೆ ಹೋಗುವ ಬದಲು ಉಸಿರಿನ ದಾರಿಗೆ ಇಳಿದರೆ ಮುಗಿಯಿತು. ಆಸ್ಪತ್ರೆಯಲ್ಲಿ ಕೊಟ್ಟದ್ದು ನಿಜ, ಅವರೇ ನಿಲ್ಲಿಸಿದ್ದೂ ನಿಜ. ಭಾವನತ್ತ ತಿರುಗಿ, “ನರ್ಸರಿ ಸಸಿಗೆ ಗೊಬ್ಬರಾನ ಹಿಡಿ ತುಂಬ ಹಾಕ್ತೀರಾ ನೀವು? ಸುಟ್ಟು ಹೋಗಲ್ವಾ?” ಎಂದೆ. ಭಾವ ಲೋಟ ಕೆಳಗಿಟ್ಟರು. ವೇದಿಕೆಯಾಗಿದ್ದರೆ ಅಲ್ಲಿ ಚಪ್ಪಾಳೆ ಬೀಳುತ್ತಿತ್ತು.

ಅಜ್ಜಿ ಬೀಜವನ್ನು ಕೈಗೆತ್ತಿಕೊಂಡಳು. “ಅವನು ಮೊನ್ನೆ ಮಧ್ಯಾಹ್ನ ಉಸಿರು ನಿಲ್ಸಿದ್ದ.”

ಒಳಕೋಣೆಯಿಂದ ಅಕ್ಕ ಮಗುವನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. “ಎಂತ ಹೇಳ್ದೆ ಅಜ್ಜಿ?”

“ನೀನು ಮಲಗಿದ್ದೆ. ನನ್ನ ಮಡಿಲಲ್ಲಿ ಇದ್ದ. ಎದೆ ಆಡೋದು ನಿಂತೋಯ್ತು. ನಾನು ಅಲುಗಾಡಿಸೋಷ್ಟರಲ್ಲಿ ತಾನೇ ಎಳ್ಕೊಂಡ. ಯಾರಿಗೆ ಹೇಳ್ಲಿ? ಆ ಕಾಫಿ ನಿಲ್ಸಿದ್ದಕ್ಕೇ ಹೀಗಾಯ್ತು ಅಂತ ನನಗೆ ಗೊತ್ತಾಯ್ತು.”

ಅಕ್ಕ ಮಗುವಿನ ಮೂಗಿನ ಬಳಿ ಕೆನ್ನೆ ಹಿಡಿದು ನೋಡಿ, “ಡಾಕ್ಟರಿಗೆ ಫೋನ್ ಮಾಡು,” ಎಂದಳು.

ಎಲ್ಲರಿಗೂ ಕೇಳುವಂತೆ ಫೋನನ್ನು ಸಾಣೆಕಲ್ಲಿನ ಪಕ್ಕ ಇಟ್ಟೆ. ಡಾಕ್ಟರು ನನ್ನನ್ನು ಬಿಟ್ಟು ಅಜ್ಜಿಯನ್ನೇ ಕೇಳಿದರು: ಮೈ ನೀಲಿಯಾಯಿತೇ, ಎಷ್ಟು ಹೊತ್ತು, ಹಾಲು ಕುಡಿಯುತ್ತಿದ್ದಾನೆಯೇ?

“ಬಣ್ಣ ಬದಲಾಗ್ಲಿಲ್ಲಮ್ಮ. ನಾನೊಂದು ಉಸಿರು ಎಳೆದು ಬಿಡೋ ಅಷ್ಟ್ರಲ್ಲಿ ಸರಿಯಾದ. ಹಾಲು ಚೆನ್ನಾಗೇ ಕುಡೀತಾನೆ. ಒಂದು ಕಾಫಿ ಬೀಜ ತೇಯ್ದು ಹಾಕ್ಲಾ? ನಮ್ಮದೇ ತೋಟದ್ದು.”

“ಬೇಡ ಅಜ್ಜಿ. ಬಾಯಿಗೆ ಏನೂ ಹಾಕಬೇಡಿ, ಬಜೆ ಅರಿಶಿನ ಯಾವುದೂ ಬೇಡ. ಇಂಥ ಮಕ್ಕಳು ಕೆಲವು ಸಲ ಒಂದು ಗಳಿಗೆ ಹಾಗೆ ನಿಲ್ಸಿ ಮತ್ತೆ ತಾವೇ ಎಳ್ಕೊಳ್ತಾರೆ. ಆದ್ರೂ ನಾನು ನೋಡ್ಬೇಕು. ಈಗಲೇ ಕರ್ಕೊಂಡು ಬನ್ನಿ. ನೀವೂ ಬನ್ನಿ, ನೋಡಿದವರು ನೀವು.”

ಫೋನ್ ಇಟ್ಟ ಮೇಲೆ ಭಾವ ಜೀಪ್ ತೆಗೆಯಲು ಹೊರಗೆ ಓಡಿದರು. ಅಕ್ಕ ಮಗುವಿಗೆ ಬಟ್ಟೆ ಸುತ್ತಲು ಒಳಗೆ ಹೋದಳು. ಅಜ್ಜಿ ಏಳಲಿಲ್ಲ. ಬೀಜ ಅವಳ ಅಂಗೈಯಲ್ಲೇ ಇತ್ತು.

“ನಿನ್ನ ಅಪ್ಪನಿಗಿಂತ ಮುಂಚೆ ಒಂದು ಹುಟ್ಟಿತ್ತು ಗೊತ್ತಾ?”

ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿದವರಲ್ಲ.

“ಹೀಗೇ, ದಿನ ತುಂಬದೆ. ಹೆಣ್ಣು. ಹೀಗೇ ಉಸಿರು ನಿಲ್ಸೋದು, ಎಳ್ಕೊಳ್ಳೋದು. ಕುಯ್ಲಿನ ಕಾಲ. ಬಜೆ ತೇಯ್ದು ಹಚ್ಚು ಅಂದ್ರು ಅತ್ತೆ. ಮನೇಲಿ ಮುಗಿದಿತ್ತು. ಹಸಿ ಬಾಣಂತಿ ನಾನು, ಎದ್ದು ಹಳ್ಳದ ಬದಿಗೆ ಓಡಿದೆ ಕೀಳೋಕೆ. ಕಣದ ತುಂಬ ಕಾಫಿ ಒಣಗ್ತಿತ್ತು. ಕಾಲಿಡೋಕೆ ಜಾಗ ಇರ್ಲಿಲ್ಲ. ಅದನ್ನ ದಾಟ್ಕೊಂಡು, ತುಳ್ಕೊಂಡು ಹೋದೆ. ಬರೋಷ್ಟ್ರಲ್ಲಿ...” ಅವಳು ಬೀಜವನ್ನು ಹೆಬ್ಬೆರಳಿನಿಂದ ಹೊರಳಿಸಿದಳು. “ನಿನ್ನ ಭಾವ ಬಂದು ಕಾಫಿ ಕೊಡ್ತಿದ್ದಾರೆ ಅಂದಾಗಿಂದ ಅದೇ ಕಾಣ್ತಿದೆ ಕಣೇ. ಮದ್ದು ಕಾಲ ಬುಡದಲ್ಲೇ ಬಿದ್ದಿತ್ತಲ್ಲ. ತುಳ್ಕೊಂಡು ಹೋದೆನಲ್ಲ.”

ಹೊರಗೆ ಜೀಪ್ ಸದ್ದು ಮಾಡುತ್ತಿತ್ತು. ಅಜ್ಜಿ ನನ್ನಿಂದ ಸಮಾಧಾನದ ಮಾತು ನಿರೀಕ್ಷಿಸಿರಲಿಲ್ಲ ಅಂತ ಕಾಣುತ್ತದೆ. ನನಗೆ ಅದು ಬರುವುದೂ ಇಲ್ಲ. ಬರುವುದು ವಾದ ಒಂದೇ. ನಾನು ಅವಳೆದುರು ನೆಲದ ಮೇಲೆ ಕೂತೆ.

“ಅಜ್ಜಿ, ಈಗ ಹೇಳಿದ್ದನ್ನೇ ಮತ್ತೆ ಹೇಳ್ತೀನಿ. ಬೀಜ ತೇಯ್ದು ಹಾಕಿದ್ರೆ ಮದ್ದಾಗಲ್ಲ. ಈಗ ಆಗಲ್ಲ, ಆಗಲೂ ಆಗ್ತಿರ್ಲಿಲ್ಲ. ಅಷ್ಟು ಎಳೇ ಕೂಸು ನುಂಗೋಕೇ ಆಗದೆ ಉಸಿರು ಕಟ್ಕೊಳ್ತಿತ್ತು. ಇವನು ಉಳಿದಿದ್ದು ಬರೀ ಕೆಫೀನಿಂದ ಅಲ್ಲ. ಮೂಗಿಗೆ ಆಕ್ಸಿಜನ್ ಇತ್ತು, ಅದು ಹೆಚ್ಚಾಗದ ಹಾಗೆ ಅಳೆಯೋ ಯಂತ್ರ ಇತ್ತು, ಬೆಚ್ಚಗಿಡೋ ಪೆಟ್ಟಿಗೆ ಇತ್ತು, ಹಗಲೂ ರಾತ್ರಿ ಅಂಗಾಲು ತಟ್ಟೋಕೆ ಒಬ್ಬರು ಇದ್ರು. ಆಗ ಈ ಸೀಮೇಲಿ ಅದರಲ್ಲಿ ಒಂದಾದ್ರೂ ಇತ್ತಾ?”

“ಇರ್ಲಿಲ್ಲ.”

“ಮತ್ತೆ? ನೀನು ತುಳ್ಕೊಂಡು ಹೋಗಿದ್ದು ಕಾಫಿನ ಅಜ್ಜಿ. ಮದ್ದನ್ನಲ್ಲ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಎಷ್ಟೋ ತೀರ್ಪುಗಾರರ ಎದುರು ನಿಂತವಳು ನಾನು. ಹಾಗೆ ಯಾರೂ ನೋಡಿರಲಿಲ್ಲ.

“ಇದು ಬಹುಮಾನಕ್ಕೆ ಆಡೋ ಮಾತಲ್ವಲ್ಲ?”

“ಅಲ್ಲ.”

“ಆ ಡಾಕ್ಟ್ರನ್ನ ಕೇಳಿದ್ರೂ ಇದನ್ನೇ ಹೇಳ್ತಾರಾ?”

“ಕೇಳು. ಹೇಗೂ ಬರ್ತಿದ್ದೀಯಲ್ಲ.”

ಅಜ್ಜಿ ಎದ್ದಳು. ಬಜೆ, ಅಳಲೆಕಾಯಿ, ಅರಿಶಿನಗಳನ್ನು ಡಬ್ಬಿಗೆ ಹಾಕಿ, ಒಣಗಿಯೇ ಇದ್ದ ಸಾಣೆಕಲ್ಲನ್ನು ಸೆರಗಿನಲ್ಲಿ ಒರೆಸಿ ಗೋಡೆಗೆ ಆನಿಸಿದಳು. ಜೀಪು ಹತ್ತುವಾಗ ಬೀಜವನ್ನು ಭಾವನ ಕೈಗೆ ಕೊಟ್ಟು, “ತಗೊಳ್ಳಿ, ಹುರಿದು ಕುಡೀರಿ,” ಎಂದಳು.

ಡಾಕ್ಟರು ಮಗುವನ್ನು ಪರೀಕ್ಷಿಸಿ ಒಂದು ದಿನ ಅಲ್ಲೇ ಇರಿಸಿಕೊಂಡು ಗಮನಿಸಿದರು. ಯಂತ್ರ ಕೂಗಲಿಲ್ಲ. ಹೊಸ ಔಷಧಿಯನ್ನೇನೂ ಬರೆಯಲಿಲ್ಲ. ಹೊರಡುವಾಗ ಅಜ್ಜಿ ಅವರನ್ನು ಒಂದು ಬದಿಗೆ ಕರೆದು ಮಾತಾಡಿದಳು. ಅವಳು ಕೇಳಿದ್ದು, ಅವರು ತಲೆಯಾಡಿಸಿ ಅವಳ ಕೈ ಹಿಡಿದುಕೊಂಡದ್ದು ನನಗೆ ದೂರದಿಂದ ಕಂಡಿತು. ಕಡೆಯ ಪ್ರಶ್ನೆ ಮಾತ್ರ ಕೇಳಿಸಿತು.

“ಅರಿಶಿನದಿಂದ ಎಂತದೋ ಮದ್ದು ಹುಡುಕ್ತಿದ್ದಾರಂತೆ, ಇವಳು ಹೇಳ್ತಿದ್ಲು. ಮುಂದೆ ಹುಟ್ಟೋ ಕೂಸುಗಳಿಗಾದ್ರೂ ಸಿಗುತ್ತಾ?”

“ಗೊತ್ತಿಲ್ಲ ಅಜ್ಜಿ. ಸಿಕ್ರೆ ನಾನೇ ಮೊದಲು ಕೊಡ್ತೀನಿ.”

ಜೀಪಿನಲ್ಲಿ ಅಜ್ಜಿ ನನ್ನ ಕಡೆ ವಾಲಿ, “ಒಳ್ಳೆ ಡಾಕ್ಟ್ರು,” ಎಂದಳು. “ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳಿದ್ಲು. ನೀನು ಒಂದು ಸಲನಾದ್ರೂ ಹೇಳಿದ್ಯಾ?”

ಅವನಿಗೆ ಈಗ ನಡೆಯಲು ಬರುತ್ತದೆ. ನೆಗಡಿಯಾದರೆ ಎದೆ ಗೊರಗುಟ್ಟುತ್ತದೆ, ಬೇರೆ ಮಕ್ಕಳಿಗಿಂತ ಬೇಗ ಸುಸ್ತಾಗುತ್ತಾನೆ. ಶ್ವಾಸಕೋಶ ಇನ್ನೂ ಬೆಳೆಯುತ್ತದೆ, ಕಾಯೋಣ ಎನ್ನುತ್ತಾರೆ ಡಾಕ್ಟರು. ಎಷ್ಟು ಬೆಳೆಯುತ್ತದೆ ಎಂದು ನಾನು ಕೇಳುತ್ತೇನೆ. ಉತ್ತರ ಏನೆಂದು ಗೊತ್ತಿದ್ದೂ ಕೇಳುತ್ತೇನೆ.

ಅಂದು ಆಸ್ಪತ್ರೆಯಿಂದ ಮರಳುವಾಗ, ಮೂಡಿಗೆರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೋಟಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಹಿಂದಿನ ವಾರ ಎಲ್ಲ ಕಡೆಯೂ ಬಿದ್ದಿತ್ತು. ಕಾಫಿ ಹೂವಿನ ಗಮ ಜೀಪಿನೊಳಗೆ ನುಗ್ಗುತ್ತಿತ್ತು. “ಗ್ಲಾಸ್ ಏರಿಸಿ, ಕೂಸಿಗೆ ಗಾಳಿ ಹೊಡೆಯುತ್ತೆ,” ಎಂದಳು ಅಜ್ಜಿ. ಭಾವ ಏರಿಸಿದರು. ಮಗು ಅವಳ ಮಡಿಲಲ್ಲಿ ನಿದ್ದೆಹೋಗಿತ್ತು. ಸುತ್ತಿದ ಬಟ್ಟೆಯ ಅಡಿಯಲ್ಲಿ ಅವಳು ಒಂದು ಕಾಲನ್ನು ಬಿಡಿಸಿಕೊಂಡು ಕೈಯಲ್ಲಿ ಹಿಡಿದಿದ್ದಳು. ತೇಯ್ದು ತೇಯ್ದು ರೇಖೆಗಳೆಲ್ಲ ಸವೆದ ಹೆಬ್ಬೆರಳು ಅವನ ಅಂಗಾಲಿನ ಮೇಲಿತ್ತು. ತಟ್ಟುತ್ತಿರಲಿಲ್ಲ. ಬೇಕಾದರೆ ಇರಲಿ ಎಂದು ಸುಮ್ಮನೆ ಇಟ್ಟುಕೊಂಡಿದ್ದಳು, ಜಾವಳಿ ಬರುವವರೆಗೂ.